ಎರಡು ಮಳೆಗೆ ಕೂಡುವ ಮಣ್ಣು

ನಾನು ಮಣ್ಣು ಪರೀಕ್ಷೆ ಮಾಡುವವಳು. ಶಹಾಪುರದ ಒಂದು ಕೋಣೆಯಲ್ಲಿ, ಗಾಜಿನ ಬಾಟಲಿಗಳ ನಡುವೆ ಕೂತು, ಬೇರೆಯವರ ಹೊಲದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಅದರಲ್ಲಿ ಏನಿದೆ ಏನಿಲ್ಲ ಎಂದು ಕಾರ್ಡಿನ ಮೇಲೆ ಬರೆದುಕೊಡುತ್ತೇನೆ. ಜನ ನನ್ನನ್ನು ಮಣ್ಣಿನ ಮೇಡಂ ಅನ್ನುತ್ತಾರೆ. ಮೇಡಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದೂ ಅನ್ನುತ್ತಾರೆ, ಅದೂ ನಿಜವೇ. ತಿಪ್ಪೆಯ ಪಕ್ಕದಿಂದ ಒಂದು ಮುಷ್ಟಿ ಎತ್ತಿಕೊಂಡು ಬಂದು ಇದು ನನ್ನ ನಾಲ್ಕು ಎಕರೆಯ ಮಣ್ಣು ಎನ್ನುವವರನ್ನು ಬಾಗಿಲಲ್ಲೇ ಬೈದು ಕಳಿಸುತ್ತೇನೆ. ಮಣ್ಣಿನ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ, ಬಾಟಲಿಯಲ್ಲಿ ಬಣ್ಣ ಹೇಳಿಬಿಡುತ್ತದೆ ಎಂದು ಅವರಿಗೆ ದಬಾಯಿಸುತ್ತೇನೆ. ಅದೇ ಬಾಯಿಯಿಂದ ಮಣ್ಣಿನ ಬಗ್ಗೆ ನಾನೊಂದು ಸುಳ್ಳು ಹೇಳಿದ್ದೇನೆ. ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮೂರು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿದೆ. ಊರ ಮುಂದೆ ಕಾಲುವೆ, ಹಿಂದೆ ಗುಡ್ಡ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಆ ಗುಡ್ಡ ಬರೀ ಕಲ್ಲು, ಬಂಡೆಯ ಮೇಲೆ ಬಂಡೆ. ಆದರೆ ಕುರಿಗಳು ಹೋಗುವ ದಾರಿ ಹಿಡಿದು ಅರ್ಧ ತಾಸು ಹತ್ತಿದರೆ ಬಂಡೆಗಳ ನಡುವೆ ದೊಡ್ಡದೊಂದು ತಗ್ಗು ಸಿಗುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಅಂಗಾಲಿಗೆ ತಂಪು ಹತ್ತುತ್ತಿತ್ತು. ಸೀತಾಫಲ, ಕಾರಿಹಣ್ಣು, ಕವಳಿ, ಬಿಕ್ಕಿ, ಬಂದರಿಕೆ, ಬಂಡೆಗೆ ಹಬ್ಬಿದ ಮಂಗರಬಳ್ಳಿ, ಇನ್ನು ಮಳೆ ಬಿದ್ದ ಮೇಲೆ ಏಳುವ ಹೆಸರು ಗೊತ್ತಿಲ್ಲದ ಸಣ್ಣ ಸೊಪ್ಪುಗಳಿಗೆ ಲೆಕ್ಕವೇ ಇರಲಿಲ್ಲ. ವರ್ಷ ವರ್ಷ ಎಲೆ ಉದುರಿ, ಕೊಳೆತು, ಗಿಡಗಳ ಬುಡದಲ್ಲಿ ಕರಿ ಮಣ್ಣು ಕೂಡಿತ್ತು. ಸುತ್ತ ಹೊಲಗಳಲ್ಲಿ ಎಲ್ಲೂ ಅಂಥ ಮಣ್ಣು ಇರಲಿಲ್ಲ.

ರೋಹಿಣಿ ಮಳೆಗೆ ಮೊದಲು ಮನೆಗೊಬ್ಬರು ಹೋಗಿ ಆ ತಗ್ಗಿನಿಂದ ಒಂದು ಪುಟ್ಟಿ, ಎಂದರೆ ಒಂದು ಬುಟ್ಟಿ, ಮಣ್ಣು ತರುವುದು ನಮ್ಮೂರ ರೂಢಿ. ಮೆಣಸಿನಕಾಯಿ ಸಸಿ ಹಾಕುವ ಮಡಿಗೆ ಅದನ್ನು ತೆಳ್ಳಗೆ ಹರಡುತ್ತಿದ್ದರು. ಮನೆಗೆ ಒಂದೇ ಪುಟ್ಟಿ. ಅದನ್ನೂ ಕೈಯಿಂದಲೇ ಬಳಿದು ತುಂಬಬೇಕು, ಸಲಿಕೆ ಹಚ್ಚುವಂತಿಲ್ಲ. ಯಾಕೆ ಎಂದರೆ ಯಾರಿಗೂ ಗೊತ್ತಿರಲಿಲ್ಲ. ಕಾಲೇಜು ಕಲಿತು ಬಂದ ಮೇಲೆ ನನಗೆ ಇದು ಮೌಢ್ಯ ಅನ್ನಿಸಿತು, ಹಾಗಂತ ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ಕೈಯಿಂದ ಬಳಿದರೆ ಮೇಲಿನ ಸಡಿಲ ಮಣ್ಣಷ್ಟೇ ಬರುತ್ತದೆ, ಬೇರು ಮತ್ತು ಬೀಜ ಕೆಳಗೇ ಉಳಿಯುತ್ತವೆ ಎಂಬ ಸಣ್ಣ ಸಂಗತಿ ಮಣ್ಣನ್ನೇ ಓದಿದ ನನ್ನ ತಲೆಗೆ ಹೊಳೆಯಲಿಲ್ಲ.

ಆ ತಗ್ಗನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ನನ್ನ ಚಿಗವ್ವ, ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಅವಳದು ದನದ ಔಷಧಿ. ಎಮ್ಮೆಯ ಕೆಚ್ಚಲು ಬಾತರೆ, ಆಕಳ ಹೊಟ್ಟೆ ಉಬ್ಬಿದರೆ, ಎತ್ತಿನ ಕಾಲು ಉಳುಕಿದರೆ ಕೊಡೇಕಲ್ ಕಡೆಯಿಂದಲೂ ಜನ ಅವಳ ಬಾಗಿಲಿಗೆ ಬರುತ್ತಿದ್ದರು. ಕಳೆ ತೆಗೆಯುವ ಕುರ್ಪಿ ಹಿಡಿದು ಗುಡ್ಡ ಹತ್ತಿ ಬೇಕಾದ ಬೇರು, ಎಲೆ ತರುತ್ತಿದ್ದಳು. ಒಂದು ಗಿಡದ ಬೇರನ್ನು ಅರ್ಧ ಮಾತ್ರ ತೆಗೆದು, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಬರುತ್ತಿದ್ದಳು. ಈ ವರ್ಷ ಕುರ್ಪಿ ಹಾಕಿದ ಕಡೆ ಮುಂದಿನ ವರ್ಷ ಹಾಕುತ್ತಿರಲಿಲ್ಲ. ಸಣ್ಣವಳಿದ್ದಾಗ ಅವಳ ಹಿಂದೆ ಎಷ್ಟೋ ಸಲ ಹೋಗಿದ್ದೇನೆ, ಆದರೆ ಕಾರಿಹಣ್ಣು ತಿನ್ನುವುದರಲ್ಲೇ ನನ್ನ ಗಮನ. ಗಿಡಗಳಿಗೆ ಅವಳೇ ಇಟ್ಟ ಹೆಸರುಗಳಿದ್ದವು: ಕೆಚ್ಚಲ ಬೇರು, ಉಬ್ಬರದ ಬಳ್ಳಿ, ಕರುವಿನ ಎಲೆ. ಆ ವಿದ್ಯೆ ಬಾಯಲ್ಲಿ ಹೇಳಿ ಕಲಿಸುವಂಥದ್ದಲ್ಲ, ಗಿಡದ ಮುಂದೆ ನಿಲ್ಲಿಸಿ ತೋರಿಸಿಯೇ ಕೊಡಬೇಕು. ಅವಳ ಅತ್ತೆ ಅವಳಿಗೆ ಹಾಗೆ ಕೊಟ್ಟಿದ್ದಳು.

ಇನ್ನು ನನ್ನ ಅಣ್ಣ. ಗಂಡನ ಮನೆಯಲ್ಲಿ ಬಾಳದೆ ತವರಿಗೆ ಬಂದ ನನಗೆ ಒಂದು ಮಾತೂ ಆಡದೆ ಮನೆಯಲ್ಲಿ ಜಾಗ ಕೊಟ್ಟವನು. ಅವನ ಹೊಲ ಕಾಲುವೆಯ ಪಕ್ಕದ್ದು. ವರ್ಷಕ್ಕೆ ಎರಡು ಸಲ ಭತ್ತ, ಹುಣಸಗಿಯಿಂದ ತಂದು ಸುರಿದ ಗೊಬ್ಬರ, ಬಿಟ್ಟ ನೀರು ಬಿಟ್ಟಂತೆ. ಕಡೆಗೆ ಭೂಮಿಗೆ ಸವಳು ಹತ್ತಿತು. ನೀರು ಆರಿದ ಮೇಲೆ ಹೊಲದಲ್ಲಿ ಬೆಳ್ಳಗೆ ಉಪ್ಪು ಕೂರುತ್ತಿತ್ತು. ಆ ಮಣ್ಣನ್ನು ನಾನು ಮೂರು ಸಲ ಪರೀಕ್ಷೆ ಮಾಡಿದ್ದೆ. ಸಾವಯವ ಇಂಗಾಲ ನೋಡಲು ನಾವು ಮಣ್ಣಿಗೆ ಕಿತ್ತಳೆ ಬಣ್ಣದ ದ್ರಾವಣ ಹಾಕುತ್ತೇವೆ. ಮಣ್ಣಿನಲ್ಲಿ ಜೀವ ಇದ್ದರೆ ಅದು ಹಸಿರಿಗೆ ತಿರುಗುತ್ತದೆ. ಅಣ್ಣನ ಮಣ್ಣಿನ ಬಾಟಲಿ ಮೂರು ಸಲವೂ ಕಿತ್ತಳೆಯಾಗಿಯೇ ಉಳಿಯಿತು.

ಒಂದು ವರ್ಷ ರೋಹಿಣಿ ಮಳೆಯ ಹೊತ್ತಿಗೆ ನಾನೇ ಪುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿದ್ದೆ. ಬರುವಾಗ ಒಂದು ಮುಷ್ಟಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು, ಕೋಣೆಯಲ್ಲಿ ಯಾರೂ ಇಲ್ಲದಾಗ ಪರೀಕ್ಷೆ ಮಾಡಿದೆ. ದ್ರಾವಣ ಕಡು ಹಸಿರಾಯಿತು. ಅಂಥ ಹಸಿರನ್ನು ನಾನು ನೌಕರಿಯಲ್ಲಿ ಅದೇ ಮೊದಲು ನೋಡಿದ್ದು. ಖುಷಿ ತಡೆಯಲಿಲ್ಲ. ಯಾವ ರೈತನೂ ತಂದುಕೊಡದ ಮಣ್ಣಿಗೆ ಕಾರ್ಡು ಬರೆಯುವಂತಿಲ್ಲ ಎಂದು ಗೊತ್ತಿದ್ದೂ ಒಂದು ಕಾರ್ಡು ತೆಗೆದು, 'ಅತ್ಯುತ್ತಮ' ಎಂದು ಬರೆದು, ಸೀಲು ಒತ್ತಿ ಮನೆಗೆ ತಂದೆ. ಅಣ್ಣನ ಮುಂದೆ ದೊಡ್ಡಸ್ತಿಕೆ ತೋರಿಸುವುದಿತ್ತು, ಅಷ್ಟೇ.

ಅಣ್ಣ ಆ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ. ಚಹಾದಂಗಡಿಯಲ್ಲಿ ಓದಿ ಹೇಳಿದ. ಸವಳು ಹತ್ತಿದ್ದು ಅವನೊಬ್ಬನ ಹೊಲಕ್ಕಲ್ಲ. ವಾರ ಕಳೆಯುವುದರಲ್ಲಿ ಗುಡ್ಡದ ಹಿಂದಿನ ಮಗ್ಗುಲಿನಿಂದ ಟ್ರ್ಯಾಕ್ಟರ್ ಹತ್ತಿಸಿದರು. ಮೊದಲ ಟ್ರಾಲಿ ನಮ್ಮದೇ. ಸಲಿಕೆಯಿಂದ ಕಡಿದು, ಬೇರಿನ ಸಮೇತ ತುಂಬಿದರು. ನಾನು ನೋಡುತ್ತಿದ್ದಂತೆಯೇ ಚಿಗವ್ವ ಟ್ರಾಲಿಗೆ ಅಡ್ಡ ಬಂದು ನಿಂತಳು.

"ಸಲಿಕಿ ಹಚ್ಚಬ್ಯಾಡಪ್ಪಾ, ಹಿಂದಿಂದ ಯಾರೂ ಹಚ್ಚಿಲ್ಲ" ಅಂದಳು.

ಅಣ್ಣ ಜೇಬಿನಿಂದ ಕಾರ್ಡು ತೆಗೆದು ತೋರಿಸಿದ. "ನೋಡಿಲ್ಲೆ ಚಿಗವ್ವ, ತಂಗೀನ ಪರೀಕ್ಷಾ ಮಾಡ್ಯಾಳ. ಇಂಥ ಮಣ್ಣ ಇಲ್ಲಿ ಸುಮ್ನ ಬಿದ್ದದ, ಅಲ್ಲಿ ನಮ್ಮ ಹೊಲ ಸಾಯಾಕತ್ತದ."

ಚಿಗವ್ವನಿಗೆ ಓದಲು ಬರುವುದಿಲ್ಲ. ಅವಳು ಕಾರ್ಡು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದೆ. ಆ ವರ್ಷ ಎಷ್ಟು ಟ್ರಾಲಿ ಹೋದವೋ ನಾನು ಎಣಿಸಲಿಲ್ಲ. ಎಣಿಸಬಾರದೆಂದೇ ಬೆಳಿಗ್ಗೆ ಬೇಗ ಹೊರಟು ಸಂಜೆ ತಡವಾಗಿ ಬರುತ್ತಿದ್ದೆ. ಆ ಮಣ್ಣು ಅಣ್ಣನ ಹೊಲದಲ್ಲಿ ಒಂದು ಬೆಳೆಗೂ ನಿಲ್ಲಲಿಲ್ಲ. ಭತ್ತಕ್ಕೆ ನೀರು ಬಿಟ್ಟಾಗ ಹಗುರಾದ ಮಣ್ಣೆಲ್ಲ ತೇಲಿ ಬಸಿಗಾಲುವೆ ಸೇರಿತು, ಉಪ್ಪು ಇದ್ದಲ್ಲೇ ಇತ್ತು. ಸವಳಿಗೆ ನೀರು ಬಸಿಯುವ ದಾರಿ ಮಾಡಬೇಕೇ ಹೊರತು ಮಣ್ಣು ಹೊತ್ತು ಹಾಕಿದರೆ ಹೋಗುವುದಿಲ್ಲ ಎಂದು ದಿನಕ್ಕೆ ನಾಲ್ಕು ರೈತರಿಗೆ ಹೇಳುವವಳು ನಾನು. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಮರುವರ್ಷ ದೊಡ್ಡ ಮಳೆ ಬಿದ್ದಾಗ ಗುಡ್ಡದಿಂದ ಗರಸು, ಕಲ್ಲು ಎಲ್ಲ ಕೊಚ್ಚಿಕೊಂಡು ರಸ್ತೆಗೆ ಬಂತು. ವಿಚಾರಿಸಲು ಅರಣ್ಯದ ಗಾರ್ಡ್ ಒಬ್ಬ ಬಂದ. ಬೈಗುಳ ಇಲ್ಲ, ಜಬರ್ದಸ್ತಿ ಇಲ್ಲ, ತಣ್ಣಗೆ ಮಾತಾಡುವ ಮನುಷ್ಯ. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತು, ಆ ತಗ್ಗಿನಲ್ಲಿ ಅಗೆದವರು ಯಾರು ಎಂದು ಕೇಳಿದ. ಟ್ರಾಲಿ ಹೊಡೆದವರೆಲ್ಲ ಅಲ್ಲೇ ಕೂತಿದ್ದರು. ಮಣ್ಣು ಮೊದಲಿಂದಲೂ ಒಯ್ಯುತ್ತೇವೆ ಸಾಹೇಬರೇ, ಪುಟ್ಟಿ ಲೆಕ್ಕದಲ್ಲಿ ಎಂದು ಒಬ್ಬ ಹೇಳಿದ. ಬೇರೆ ಯಾರೋ, "ಬೇರ ಕೀಳಾಕಿ ಒಬ್ಬಾಕಿ ಅದಾಳ್ರಿ, ದಿನಾ ಕುರ್ಪಿ ತಗೊಂಡ ಹೋಗ್ತಾಳ" ಅಂದ. ಅಣ್ಣ ನೆಲ ನೋಡುತ್ತ ಕೂತಿದ್ದ. ಚಿಗವ್ವ ಬುಟ್ಟಿ, ಕುರ್ಪಿ ಸಮೇತ ಅದೇ ಆಗ ಆ ಕಡೆಯಿಂದ ಬಂದಳು. ಬಸ್ಸಿಳಿದು ನಾನೂ ಅಲ್ಲಿಗೆ ಬಂದೆ.

ಗಾರ್ಡ್ ನನ್ನ ಕಡೆ ತಿರುಗಿದ. "ಮೇಡಮ್ಮಾರ, ನೀವು ಮಣ್ಣ ಓದಿದವರು. ನೀವ ಹೇಳ್ರಿ, ಹಿಂಗ ಯಾಕ ಆಗ್ಯಾದ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಸೀಲು ಇದ್ದ ಕಾರ್ಡು ಇನ್ನೂ ಅಣ್ಣನ ಹತ್ತಿರವೇ ಇತ್ತು. ಹೊರಬಿದ್ದರೆ ಅಣ್ಣನ ಮೇಲೆ ಕೇಸು, ನನ್ನ ಕಾಂಟ್ರಾಕ್ಟ್ ನೌಕರಿಗೆ ಕಲ್ಲು. ಇಷ್ಟನ್ನೂ ನಾನು ಒಂದು ಉಸಿರಿನಲ್ಲಿ ಯೋಚಿಸಿದೆ. ಆಮೇಲೆ ಪಾಠ ಹೇಳುವ ದನಿಯಲ್ಲಿ ಹೇಳಿದೆ: "ಮಣ್ಣ ಒಯ್ದ್ರ ಎರಡ ಮಳಿಗೆ ಮತ್ತ ಕೂಡ್ತದ್ರಿ. ಬೇರ ಕಿತ್ರ ಮಾತ್ರ ಗಿಡ ಹೋಗ್ತದ, ಗಿಡ ಹೋದ್ರ ಎಲ್ಲಾ ಹೋಗ್ತದ."

ಎರಡನೆಯ ಮಾತು ಪುಸ್ತಕದಲ್ಲಿರುವಂಥದ್ದು. ಮೊದಲನೆಯದು ಶುದ್ಧ ಸುಳ್ಳು. ಬಂಡೆಗಳ ನಡುವೆ ಗೇಣು ಮಣ್ಣು ಕೂಡಲು ಎಷ್ಟು ತಲೆಮಾರು ಬೇಕು ಎಂದು ಆ ಕಟ್ಟೆಯ ಮೇಲೆ ಗೊತ್ತಿದ್ದವಳು ನಾನೊಬ್ಬಳೇ.

ಗಾರ್ಡ್ ತಲೆಯಾಡಿಸಿದ. ಚಿಗವ್ವನಿಗೆ, "ಇನ್ನ ಮ್ಯಾಲ ಹೋಗಬ್ಯಾಡಬೇ ಯವ್ವಾ" ಎಂದಷ್ಟೇ ಹೇಳಿದ. ಅವಳು ಮುಂದೆ ಬಂದು ಕುರ್ಪಿಯನ್ನು ಅವನ ಕಾಲ ಬಳಿ ಇಟ್ಟಳು. ಅವನು ಕೇಳಿರಲಿಲ್ಲ. ತಗೋ ಎಂದು ಅವನು ವಾಪಸು ಕೊಟ್ಟರೂ ಮುಟ್ಟಲಿಲ್ಲ, ಹಾಗೇ ಬಿಟ್ಟು ಮನೆಗೆ ಹೋದಳು. ಹೆದರಿದ್ದಾಳೆ ಅಂದುಕೊಂಡೆ. ನಾಲ್ಕು ದಿನ ಕಳೆದರೆ ಸರಿಹೋಗುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವಳು ಮತ್ತೆ ಗುಡ್ಡ ಹತ್ತಲಿಲ್ಲ. ಆರು ತಿಂಗಳಿಗೆಲ್ಲ ಆ ಗಾರ್ಡ್ ಬೇರೆ ಕಡೆ ಹೋದ, ಹೋಗಬೇಡ ಎನ್ನುವವರು ಯಾರೂ ಉಳಿಯಲಿಲ್ಲ. ಆದರೂ ಹತ್ತಲಿಲ್ಲ. ದನಕ್ಕೆ ಹುಷಾರಿಲ್ಲವೆಂದು ಬಂದವರಿಗೆ ಔಷಧಿ ಇಲ್ಲ ಎಂದು ಹೇಳಿ ಕಳಿಸಿದಳು. ಒಂದೆರಡು ವರ್ಷದಲ್ಲಿ ಬರುವವರೂ ನಿಂತರು. ಭತ್ತದ ನಾಟಿಗೆ, ಹತ್ತಿ ಬಿಡಿಸಲು ಕೂಲಿಗೆ ಹೋಗತೊಡಗಿದಳು. ನನ್ನ ಜೊತೆ ಮೊದಲಿನಂತೆಯೇ ಇದ್ದಳು. ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚಿಲ್ಲ ಎಂದು ಬೈಯುತ್ತಿದ್ದಳು. ಬೈದಾಗ ನನಗೆ ಒಳಗೊಳಗೇ ಹಗುರವಾಗುತ್ತಿತ್ತು. ಮರೆತಿದ್ದಾಳೆ ಅಂದುಕೊಳ್ಳುತ್ತಿದ್ದೆ. ಏಳು ಮಳೆಗಾಲ ಹೀಗೇ ಹೋದವು.

ಹೋದ ವರ್ಷ ಅವಳ ಸೊಸೆ ನನ್ನ ಹತ್ತಿರ ಬಂದಳು. ಚುರುಕಾದ ಹೆಣ್ಣು, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಾಳೆ. ಒಂದು ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತಂತೆ. ಅತ್ತೆಯ ವಿದ್ಯೆಯನ್ನು ಕಲಿಯಬೇಕೆಂದು ಅವಳಿಗೆ ಮದುವೆಯಾಗಿ ಬಂದಾಗಿನಿಂದ ಆಸೆ. ಕೇಳಿದಾಗಲೆಲ್ಲ ಅತ್ತೆ ಒಲ್ಲೆ ಅನ್ನುತ್ತಾಳಂತೆ.

"ನೀವರೆ ಒಂದ ಮಾತ ಹೇಳ್ರಿ ಅಕ್ಕಾ" ಅಂದಳು. "ಕೇಳಿದ್ರ ಅಳ್ತಾಳ. ನನ್ನ ಕೈ ಗುಡ್ಡಾ ತಿಂದದ, ನಿನಗ ಆ ಪಾಪದ ವಿದ್ಯೆ ಬ್ಯಾಡ ಅಂತಾಳ. ಮಣ್ಣ ಎರಡ ಮಳಿಗೆ ಬರಬೇಕಿತ್ತು, ಏಳ ಮಳಿ ಆದ್ರೂ ಬಂದಿಲ್ಲಂತ ಕುರಿ ಕಾಯಾವ್ರು ಹೇಳ್ಯಾರ, ಅಷ್ಟ ಕೆಟ್ಟ ಕಿತ್ತೀನಿ ನಾ ಅಂತಾಳ. ಹಂಗಂತ ನೀವ ಹೇಳಿದ್ರಂತಲ್ಲ?"

ಚಿಗವ್ವ ಗುಡ್ಡ ಹತ್ತುವುದನ್ನು ಹೆದರಿ ಬಿಟ್ಟಿದ್ದಲ್ಲ. ನಂಬಿ ಬಿಟ್ಟಿದ್ದಳು. ಆ ದಿನ ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಒಬ್ಬನೂ ನನ್ನ ಮಾತನ್ನು ನಂಬಿರಲಿಕ್ಕಿಲ್ಲ, ಸಲಿಕೆ ಹಿಡಿದವರು ಅವರೇ. ಗಾರ್ಡ್ ಕೂಡ ಅರ್ಧ ನಂಬಿದ್ದನೋ ಏನೋ. ಪೂರ್ತಿ ನಂಬಿದವಳು ಒಬ್ಬಳೇ, ನಾನು ಓದಿದ್ದಕ್ಕೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೆಮ್ಮೆಪಟ್ಟವಳು.

ಅಷ್ಟು ತಿಳಿದ ಮೇಲೂ ತಕ್ಷಣ ಹೋಗಿ ಹೇಳಿದೆನೇ? ಇಲ್ಲ. ಹದಿನೈದು ದಿನ ಕಳೆದೆ. ಅವಳ ಮನೆಯ ಮುಂದೆ ಹೋಗದೆ ಹಿತ್ತಲ ದಾರಿಯಿಂದ ಬಸ್ಸಿಗೆ ಹೋದೆ. ಕೋಣೆಯಲ್ಲಿ ರೈತರ ಮೇಲೆ ಸುಮ್ಮನೆ ಹರಿಹಾಯ್ದೆ. ಒಂದು ಭಾನುವಾರ ಮಧ್ಯಾಹ್ನ ಹೋದೆ. ಚಿಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕೂತೆ. ನೀರು ಕೊಟ್ಟಳು, ಕುಡಿಯಲಿಲ್ಲ.

"ಚಿಗವ್ವ, ಗುಡ್ಡಾ ಕೆಟ್ಟಿದ್ದು ನಿನ್ನಿಂದಲ್ಲ. ಟ್ರಾಲಿಯಿಂದ. ನಾ ಬರೆದ ಕಾರ್ಡಿನಿಂದ. ಅವತ್ತ ಕಟ್ಟಿ ಮ್ಯಾಲ ನಾ ಸುಳ್ಳ ಹೇಳೀನಿ. ಮಣ್ಣ ಎರಡ ಮಳಿಗೆ ಕೂಡಂಗಿಲ್ಲ. ನನ್ನ ಮೊಮ್ಮಕ್ಕಳ ಕಾಲಕ್ಕೂ ಕೂಡಂಗಿಲ್ಲ" ಅಂದೆ.

ಅವಳು ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ಕಲ್ಲು ಆರಿಸಿ ಆರಿಸಿ ಪಕ್ಕಕ್ಕೆ ಹಾಕಿದಳು. ಆಮೇಲೆ, "ನೀ ಸುಳ್ಳ ಹೇಳಿದಿ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳುವವರಂತೆ. ಹೌದು ಅಂದೆ. ಮೊರದ ಜೋಳವನ್ನು ಒಮ್ಮೆ ಕೊಡವಿ, "ಕೊಂಕಲ್‌ದಿಂದ ಒಬ್ಬಾಂವ ಬಂದಿದ್ದ, ಒಂದ ಆಕಳಿತ್ತು ಅವನಿಗಿ. ಇಲ್ಲ ಅಂತ ಕಳಿಸಿದ್ದೆ. ಸತ್ತದ ಅಂತ ಆಮ್ಯಾಲ ಗೊತ್ತಾತು" ಅಂದಳು. ನನ್ನ ಕಡೆ ನೋಡದೆ ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳು ಬೈಯಲಿ ಎಂದು ಕಾಯುತ್ತ ನಾನು ಅಲ್ಲೇ ಕೂತಿದ್ದೆ. ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಸೊಸೆಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಕುರ್ಪಿ ಇರಲಿಲ್ಲ. "ನಡೀರಿ" ಅಂದಳು. ನಾನು ಕೆಲಸಕ್ಕೆ ರಜೆ ಹೇಳಿ ಹಿಂದೆ ಹೋದೆ. ಮೊಣಕಾಲು ನೋವು ಅವಳಿಗೆ, ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು ಹಿಡಿಯಿತು.

ತಗ್ಗು ಮೊದಲಿನ ತಗ್ಗಾಗಿ ಉಳಿದಿರಲಿಲ್ಲ. ಮಳೆ ನೀರು ಕೊರೆದ ಸಾಲುಗಳು, ಗರಸು, ಬೇರು ಹೊರಬಿದ್ದು ಒಣಗಿದ ಸೀತಾಫಲದ ಮೋಟುಗಳು. ಎಲ್ಲೆಲ್ಲೂ ಪಾರ್ಥೇನಿಯಂ ಬೆಳೆದಿತ್ತು, ಅದರ ನಡುವೆ ಒಂದಷ್ಟು ತಂಗಡಿ ಗಿಡ. ನಾನೂ ಇಷ್ಟು ವರ್ಷ ಅಲ್ಲಿಗೆ ಹೋಗಿರಲಿಲ್ಲ. ಬಗ್ಗಿ ಒಂದು ಮುಷ್ಟಿ ಎತ್ತಿದೆ, ಬೆರಳ ಸಂದಿಯಿಂದ ಹರಳು ಉದುರಿದವು. ಪರೀಕ್ಷೆ ಮಾಡುವ ಅವಶ್ಯಕತೆಯೇ ಇರಲಿಲ್ಲ.

ಚಿಗವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದು ಒಂದು ಸುತ್ತು ಹಾಕಿದಳು. ಆಮೇಲೆ ಸೊಸೆಯನ್ನು ಹತ್ತಿರ ಕರೆದು ಕೈ ತೋರಿಸಿ ಹೇಳತೊಡಗಿದಳು. ಈ ಕಲ್ಲಿನ ನೆರಳಲ್ಲಿ ಕೆಚ್ಚಲ ಬೇರು. ಆ ಮೋಟಿನ ಬುಡಕ್ಕೆ ಉಬ್ಬರದ ಬಳ್ಳಿ. ಅಲ್ಲಿ, ನೀರು ಕೊರೆದಿದೆಯಲ್ಲ, ಅಲ್ಲಿ ಕರುವಿನ ಎಲೆ. ಸೊಸೆ ತಂದಿದ್ದ ಹಾಳೆಯ ಮೇಲೆ ಬರೆದುಕೊಳ್ಳುತ್ತ ಹೋದಳು. ತೋರಿಸಿದ ಕಡೆಯಲ್ಲೆಲ್ಲ ಗರಸು, ಪಾರ್ಥೇನಿಯಂ ಅಷ್ಟೇ.

"ಎಲಿ ಹೆಂಗಿರ್ತದ ಅತ್ತಿ ಅದರದು?" ಸೊಸೆ ಕೇಳಿದಳು.

"ಕಂಡ್ರ ಗುರ್ತ ಹಿಡೀತೀನಿ" ಅಂದಳು ಚಿಗವ್ವ. ಬೆರಳುಗಳನ್ನು ಒಂದು ಆಕಾರಕ್ಕೆ ತಂದು ತೋರಿಸಲು ನೋಡಿದಳು, ಆಗಲಿಲ್ಲ, ಕೈ ಕೆಳಗೆ ಬಿಟ್ಟಳು. "ಕಾಣದ್ದನ್ನ ಹೆಂಗ ಹೇಳ್ಲಿ?"

ಆಗ ನನ್ನ ಕಡೆ ತಿರುಗಿದಳು. ಹಿಂದಿನ ದಿನದಿಂದ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

"ಸುಳ್ಳ ಹೇಳಿದ್ದು ಹೋಗ್ಲಿ ಬಿಡು, ನಿಮ್ಮಣ್ಣನ ಸಲುವಾಗಿ ಹೇಳಿದಿ. ಮರುದಿನ ಬಂದ ಹೇಳಬೇಕಿಲ್ಲ ನನಗ? ಎರಡ ವರ್ಷ ಬಿಟ್ಟ ಹೇಳಿದ್ರೂ ನಡೀತಿತ್ತು. ಅಂಚಿಗಿ ಅಲ್ಲೊಂದ ಇಲ್ಲೊಂದ ಇನ್ನಾ ಇದ್ವು ಆವಾಗ. ಬೀಜಾ ತಂದ ಹಿತ್ತಲದಾಗ ಹಾಕತಿದ್ದೆ. ಈಕಿಗೆ ತೋರಸ್ತಿದ್ದೆ."

ಟ್ರಾಲಿ ಹೊಡೆದವರ ಮೇಲೆ ಹಾಕಬಹುದಾದ ತಪ್ಪಿನ ಪಾಲು ಬೇರೆ, ಇದು ಬೇರೆ. ಇದರಲ್ಲಿ ಬೇರೆ ಯಾರ ಪಾಲೂ ಇರಲಿಲ್ಲ. ಏಳು ವರ್ಷ ದಿನವೂ ಅವಳ ಕೈಯ ರೊಟ್ಟಿ ತಿಂದು ಸುಮ್ಮನಿದ್ದವಳು ನಾನೊಬ್ಬಳೇ.

ಸೊಸೆಯ ಹಾಳೆ ಈಗ ನನ್ನ ಹತ್ತಿರ ಇದೆ, ಪುಸ್ತಕಗಳಲ್ಲಿ ಹುಡುಕಿ ಕೊಡುತ್ತೇನೆ ಎಂದು ಇಸಿದುಕೊಂಡಿದ್ದೇನೆ. ಅದರಲ್ಲಿ ಒಂಬತ್ತು ಹೆಸರುಗಳಿವೆ. ಚಿತ್ರ ನೋಡಿ ಚಿಗವ್ವ ನಾಲ್ಕನ್ನು ಗುರುತಿಸಿದ್ದಾಳೆ. ಉಳಿದ ಐದಕ್ಕೆ ಚಿತ್ರಗಳನ್ನು ಒಂದೊಂದಾಗಿ ತಂದು ಚಿಗವ್ವನ ಮುಂದೆ ಹಿಡಿಯುತ್ತೇನೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಇದಲ್ಲ ಅನ್ನುತ್ತಾಳೆ.